ಕಳೆದು ನೋಡುವ ಲೆಕ್ಕ



ಇಲಿ ಸಾಕುವ ಸಂಶೋಧನಾಲಯಗಳಲ್ಲಿ ಬೆಳಗಿನ ಹೊತ್ತು ಮಾಡುವ ಒಂದು ಕೆಲಸವಿದೆ. ಹಿಂದಿನ ಸಂಜೆ ಗಂಡಿಲಿಯ ಪಂಜರಕ್ಕೆ ಒಂದೋ ಎರಡೋ ಹೆಣ್ಣಿಲಿ ಬಿಟ್ಟಿರುತ್ತಾರೆ. ಬೆಳಗ್ಗೆ ಬೇಗ ಹೋಗಿ, ಹೆಣ್ಣನ್ನು ಬಾಲದ ಬುಡ ಹಿಡಿದು ಮೆಲ್ಲಗೆ ಎತ್ತಿ, ಹಿಂಬದಿಯಲ್ಲಿ ಮೇಣದಂಥ ಸಣ್ಣ ಬಿರಡೆಯೊಂದು ಕಾಣುತ್ತದೆಯೇ ಎಂದು ನೋಡುತ್ತಾರೆ. ಇಲಿಗಳು ಕೂಡಿದ ಮೇಲೆ ಗಂಡಿನ ವೀರ್ಯದ ದ್ರವವೇ ಹೆಪ್ಪುಗಟ್ಟಿ ಆಗುವ ಬಿರಡೆ ಅದು. ತಡಮಾಡಿದರೆ ಕಳಚಿ ಬಿದ್ದುಹೋಗುತ್ತದೆ. ಅದಕ್ಕೇ ಬೆಳಗಿನ ಆತುರ. ಬಿರಡೆ ಕಂಡರೆ ಪಂಜರದ ಚೀಟಿಯ ಮೇಲೆ ತಾರೀಕು ಬರೆಯುತ್ತಾರೆ. ಅಲ್ಲಿಂದ 19 ಅಥವಾ 20 ದಿನ ಎಣಿಸಿದರೆ ಸಾಕು, ಗೂಡಿನೊಳಗೆ ಕಡಲೆಕಾಯಿ ಗಾತ್ರದ, ಮೈಮೇಲೆ ಕೂದಲಿಲ್ಲದ, ಇನ್ನೂ ಕಣ್ಣು ಬಿಡದ ಕೆಂಪು ಮರಿಗಳು.

ಬಿರಡೆ ಕಂಡಿತು, ಇಪ್ಪತ್ತು ದಿನ ಕಳೆಯಿತು, ಗೂಡು ಮಾತ್ರ ಖಾಲಿ. ಹೀಗಾದಾಗ ಎಲ್ಲಿ ತಪ್ಪಿತು ಅಂತ ಹುಡುಕಬೇಕು. ಹೆಣ್ಣಿನ ಅಂಡ ಹಣ್ಣಾಗಲೇ ಇಲ್ಲವೋ? ಗಂಡಿನ ವೀರ್ಯಾಣು ಅಲ್ಲಿಯವರೆಗೆ ತಲುಪಲಿಲ್ಲವೋ? ಎರಡೂ ಸೇರಿ ಭ್ರೂಣವಾಗಿ ನಡುವೆ ಸತ್ತಿತೋ? ಅಥವಾ ಭ್ರೂಣ ಚೆನ್ನಾಗಿಯೇ ಇದ್ದು, ಗರ್ಭಕೋಶ ಅದನ್ನು ಹಿಡಿದುಕೊಳ್ಳಲಿಲ್ಲವೋ? ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಒಂದೊಂದು ಜೀನನ್ನು ಬೇಕೆಂದೇ ಕೆಡಿಸಿ ಹುಟ್ಟಿಸಿದ ಇಲಿಗಳು. ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ನನಗೆ ಈ ಇಲಿಗಳಷ್ಟು ಹತ್ತಿರವಾದ ವಿಷಯ ಇನ್ನೊಂದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ವಸ್ತು ಏನು ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಅದನ್ನು ತೆಗೆದು ನೋಡು ಎನ್ನುವುದು ಹಳೆಯ ಬುದ್ಧಿ. ನಮ್ಮ ರೈತರಿಗೆ ಇದು ಎಂದಿನಿಂದಲೂ ಗೊತ್ತು. ಹೋರಿಗೆ ಬೀಜ ಒಡೆಸಿದರೆ ಅದರ ಹೆಗಲು, ಕೊರಳು, ಸ್ವಭಾವ ಎಲ್ಲವೂ ಬದಲಾಗಿ ನೊಗಕ್ಕೆ ಒಗ್ಗುವ ಎತ್ತಾಗುತ್ತದೆ. ಬೀಜದೊಳಗೆ ಇರುವುದು ಮರಿ ಹುಟ್ಟಿಸುವ ಶಕ್ತಿಯೊಂದೇ ಅಲ್ಲ, ಮೈಯನ್ನು ತಿದ್ದುವ ಇನ್ನೇನೋ ಇದೆ ಎಂಬ ಅರಿವು ಆ ಕೆಲಸದಲ್ಲೇ ಅಡಗಿತ್ತು. ಆದರೆ ಬೀಜವನ್ನು ಇಡಿಯಾಗಿ ತೆಗೆದರೆ ಅದರೊಳಗಿನ ಸಾವಿರ ಸಾಮಾನೂ ಒಟ್ಟಿಗೆ ಹೋಗುತ್ತವೆ. ಒಂದನ್ನೇ ತೆಗೆದು ಉಳಿದುದನ್ನು ಹಾಗೆಯೇ ಬಿಡುವುದು ಹೇಗೆ?

ಇದಕ್ಕೆ ದಾರಿ ಮಾಡಿದವರು ಮೂವರು. 1981ರಲ್ಲಿ ಕೇಂಬ್ರಿಡ್ಜಿನಲ್ಲಿ ಮಾರ್ಟಿನ್ ಎವಾನ್ಸ್, ಸಹೋದ್ಯೋಗಿ ಮ್ಯಾಥ್ಯೂ ಕಾಫ್‌ಮನ್ ಜೊತೆಗೂಡಿ, ಇಲಿಯ ಎಳೆಯ ಭ್ರೂಣದ ಒಳಗಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ದೇಹದ ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಆಕರಕೋಶಗಳು ಅವು. ಅಮೆರಿಕದಲ್ಲಿ ಆಲಿವರ್ ಸ್ಮಿಥೀಸ್ ಮತ್ತು ಮಾರಿಯೋ ಕಪೆಕ್ಕಿ ಬೇರೆ ಬೇರೆಯಾಗಿ ಇನ್ನೊಂದು ಕೆಲಸ ಸಾಧಿಸಿದರು. ಎರಡು ತುದಿಯೂ ಅಸಲು ಜೀನಿನಂತೆಯೇ ಇದ್ದು ನಡುವೆ ಮಾತ್ರ ಕೆಟ್ಟಿರುವ ಡಿಎನ್‌ಎ ತುಣುಕನ್ನು ಒಳಗೆ ಬಿಟ್ಟರೆ, ಎಲ್ಲೋ ಕೆಲವು ಜೀವಕೋಶಗಳು ತಮ್ಮ ಒಳ್ಳೆಯ ಜೀನನ್ನು ಬಿಟ್ಟು ಈ ಕೆಟ್ಟ ಪ್ರತಿಯನ್ನು ಅದೇ ಜಾಗದಲ್ಲಿ ಕೂಡಿಸಿಕೊಳ್ಳುತ್ತವೆ. ಅಂಥವನ್ನು ಹುಡುಕಿ ತೆಗೆಯುವುದಕ್ಕೆ ತುಣುಕಿನ ನಡುವೆ ವಿಷ ತಡೆಯುವ ಇನ್ನೊಂದು ಜೀನನ್ನು ಇಟ್ಟಿರುತ್ತಾರೆ. ತಟ್ಟೆಗೆ ವಿಷ ಹಾಕಿದಾಗ ತುಣುಕು ಸೇರಿಸಿಕೊಂಡವು ಮಾತ್ರ ಉಳಿಯುತ್ತವೆ. ಈ ಮೂವರಿಗೆ 2007ರಲ್ಲಿ ನೊಬೆಲ್ ಬಂತು.

ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಜೀನು ಕೆಟ್ಟ ಆ ಆಕರಕೋಶಗಳು ಕಂದು ಮೈಬಣ್ಣದ ಇಲಿಯವು. ಅವನ್ನು ಕಪ್ಪಿಲಿಯ ಭ್ರೂಣದೊಳಗೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಸೇರಿಸಿ, ಬೇರೊಂದು ತಾಯಿಯ ಗರ್ಭಕೋಶದಲ್ಲಿ ಇಡುತ್ತಾರೆ. ಹುಟ್ಟುವ ಮರಿ ಕಪ್ಪೂ ಅಲ್ಲ, ಕಂದೂ ಅಲ್ಲ. ಎರಡು ಬಣ್ಣದ ಬಟ್ಟೆ ಸೇರಿಸಿ ಹೊಲಿದ ಕೌದಿಯಂತೆ ಪಟ್ಟೆಪಟ್ಟೆ. ಅದರ ಜೀವಕೋಶಗಳಿಗೆ ಒಟ್ಟು ನಾಲ್ವರು ತಂದೆತಾಯಿ. ಮೇಲಿನ ಕಂದು ಬಣ್ಣ ಒಳಗಿನ ವೀರ್ಯಾಣುಗಳವರೆಗೂ ಇಳಿದಿದ್ದರೆ ಅದರ ಮರಿಗಳಲ್ಲಿ ಕಂದು ಮರಿಗಳು ಬರುತ್ತವೆ. ಅವುಗಳಲ್ಲಿ ಅರ್ಧಕ್ಕೆ ಆ ಜೀನಿನ ಎರಡು ಪ್ರತಿಗಳ ಪೈಕಿ ಒಂದು ಕೆಟ್ಟದ್ದು. ಅಂಥ ಗಂಡು ಹೆಣ್ಣನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಪ್ರತಿ ಕೆಟ್ಟಿರುತ್ತವೆ. ಮೆಂಡಲ್ ಬಟಾಣಿ ಗಿಡದಲ್ಲಿ ಎಣಿಸಿದ ಅದೇ ಲೆಕ್ಕ.

ಎಣಿಸುವಾಗ ಆ ಕಾಲು ಭಾಗ ಸಿಗದೇ ಹೋಗುವುದೂ ಉಂಟು. ನೂರು ಮರಿಗಳಲ್ಲಿ ಇಪ್ಪತ್ತೈದರ ಆಸುಪಾಸು ಇರಬೇಕಾದವು ಒಂದೂ ಇಲ್ಲ ಅಂದರೆ ಅವು ಹುಟ್ಟುವ ಮೊದಲೇ ಸತ್ತಿವೆ. ಆಗ ಬಸುರಿ ಇಲಿಯ ಗರ್ಭಕೋಶವನ್ನು ಹತ್ತನೇ ದಿನ, ಹನ್ನೆರಡನೇ ದಿನ ತೆರೆದು, ಯಾವ ದಿನದವರೆಗೆ ಇದ್ದವು, ಏನು ಮೂಡಿತ್ತು, ಹೃದಯ ಬಡಿಯಿತೇ, ಮಾಸು ಬೆಳೆಯಿತೇ ಎಂದು ದಿನದಿನದ ಲೆಕ್ಕ ಹಿಡಿಯಬೇಕು. ಜಗತ್ತಿನ ಹಲವು ಸಂಸ್ಥೆಗಳು ಸೇರಿ ಇಲಿಯ ಜೀನುಗಳನ್ನು ಒಂದೊಂದಾಗಿ ಕೆಡಿಸಿ ನೋಡುತ್ತಿವೆ. 2016ರಲ್ಲಿ ಅವರು 1,751 ಜೀನುಗಳ ಫಲಿತಾಂಶ ಪ್ರಕಟಿಸಿದಾಗ ಸುಮಾರು ಮೂರನೇ ಒಂದು ಭಾಗದಲ್ಲಿ ಮರಿಗಳು ಒಂದೂ ಉಳಿಯಲಿಲ್ಲ, ಇಲ್ಲವೇ ಇರಬೇಕಾದುದಕ್ಕಿಂತ ಬಹಳ ಕಡಿಮೆ ಉಳಿದವು. ಇಲಿಗೂ ನಮಗೂ ಇರುವ ಜೀನುಗಳು ಸುಮಾರು 20,000. ಬಹುಪಾಲು ಎರಡೂ ಕಡೆ ಒಂದಕ್ಕೊಂದು ಜೋಡಿಯಾಗುವಂಥವು. ಮನುಷ್ಯರಲ್ಲಿ ಎರಡನೇ ಮೂರನೇ ತಿಂಗಳಲ್ಲೇ ಕಳೆದುಹೋಗುವ ಬಸಿರುಗಳ ಹಿಂದೆ ಏನಿರಬಹುದು ಎಂದು ಯೋಚಿಸುವಾಗ ನನಗೆ ಈ ಸಿಗದೇ ಹೋದ ಕಾಲು ಭಾಗ ನೆನಪಾಗುತ್ತದೆ.

ಈಗ ಹುಟ್ಟಿ, ಬೆಳೆದು, ಕೂಡಿ, ಆದರೂ ಮರಿ ಹಾಕದ ಇಲಿಗಳ ವಿಷಯಕ್ಕೆ ಬರೋಣ.

ಲಿಫ್ ಅಂತ ಒಂದು ಪ್ರೋಟೀನಿದೆ. ರಕ್ತದ ಕ್ಯಾನ್ಸರಿನ ಜೀವಕೋಶಗಳ ಬೆಳವಣಿಗೆ ತಡೆಯುತ್ತದೆ ಎಂದು ಕಂಡಿದ್ದರಿಂದ ಅದಕ್ಕೆ ಲ್ಯುಕೇಮಿಯಾ ಇನ್‌ಹಿಬಿಟರಿ ಫ್ಯಾಕ್ಟರ್ ಎಂಬ ಉದ್ದದ ಹೆಸರು ಬಂತು, ಲಿಫ್ ಅದರ ಮೊಟಕು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಾಲಿನ್ ಸ್ಟುವರ್ಟ್ ಮತ್ತು ಸಂಗಡಿಗರು ಈ ಜೀನು ಕೆಟ್ಟ ಇಲಿಗಳನ್ನು ಹುಟ್ಟಿಸಿದರು. ಗಾತ್ರದಲ್ಲಿ ಸ್ವಲ್ಪ ಚಿಕ್ಕವು ಎನ್ನುವುದು ಬಿಟ್ಟರೆ ಇಲಿಗಳು ಆರೋಗ್ಯವಾಗಿದ್ದವು. ಗಂಡುಗಳು ಮರಿ ಹುಟ್ಟಿಸಿದವು. ಹೆಣ್ಣುಗಳು ಕೂಡಿದವು, ಅಂಡ ಬಿಟ್ಟವು, ಭ್ರೂಣವೂ ಆಯಿತು, ಮರಿ ಮಾತ್ರ ಇಲ್ಲ.

ತೆರೆದು ನೋಡಿದರೆ ಭ್ರೂಣಗಳು ಗರ್ಭಕೋಶದೊಳಗೆ ತೇಲುತ್ತಿದ್ದವು. ಸತ್ತಿರಲಿಲ್ಲ. ನಾಲ್ಕನೇ ದಿನದ ಹೊತ್ತಿಗೆ ಗರ್ಭಕೋಶದ ಗೋಡೆಗೆ ಅಂಟಿ ಬೇರೂರಬೇಕಾದ ಭ್ರೂಣ ಬಾಗಿಲ ಹೊರಗೆ ನಿಂತ ನೆಂಟನಂತೆ ಕಾಯುತ್ತಿತ್ತು. ಹಾಲೂಡುವ ಬಾಣಂತಿ ಇಲಿ ಮತ್ತೆ ಬಸುರಾದಾಗ ಭ್ರೂಣಗಳು ಹೀಗೆಯೇ ಕೆಲವು ದಿನ ಕಾಯುವುದು ಸಹಜ. ತೊಟ್ಟಿಲ ಮಗು ಮೊಲೆ ಬಿಡಲಿ ಎಂದು ತಂಗಿ ತಡೆದು ನಿಂತ ಹಾಗೆ. ಇಲ್ಲಿ ಮಾತ್ರ ಆ ಕಾಯುವಿಕೆಗೆ ಕೊನೆಯಿರಲಿಲ್ಲ.

ಸ್ಟುವರ್ಟ್ ತಂಡ ಆಗ ಮಾಡಿದ್ದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ನಿಧಾನವಾಗಿ ಹೇಳುತ್ತಿದ್ದೆ. ಆ ತೇಲುತ್ತಿದ್ದ ಭ್ರೂಣಗಳನ್ನು ಹೊರತೆಗೆದು, ಲಿಫ್ ಜೀನು ಸರಿಯಿರುವ ಬೇರೆ ಇಲಿಯ ಗರ್ಭಕೋಶದಲ್ಲಿಟ್ಟರು. ಬೇರೂರಿದವು, ಬೆಳೆದವು, ಮರಿಗಳಾಗಿ ಹುಟ್ಟಿದವು. ಭ್ರೂಣದಲ್ಲಿ ಊನ ಇರಲೇ ಇಲ್ಲ. ತಾಯಿಯ ಗರ್ಭಕೋಶದ ಗ್ರಂಥಿಗಳು ಆ ನಾಲ್ಕನೇ ದಿನ ಸುರಿಸಬೇಕಾಗಿದ್ದ ಚೂರು ಲಿಫ್ ಇರಲಿಲ್ಲ, ಅಷ್ಟೇ.

ಇಲ್ಲಿ ಬೆಂಗಳೂರಿನ ಹಳೆಯ ಎಳೆಯೊಂದು ಸೇರಿಕೊಳ್ಳುತ್ತದೆ. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಎನ್. ಆರ್. ಮೌದ್ಗಲ್ ಎಂಬ ವಿಜ್ಞಾನಿ ಇದ್ದರು. ಜೀನು ಕೆಡಿಸುವ ವಿದ್ಯೆ ಯಾರ ಕನಸಿನಲ್ಲೂ ಇಲ್ಲದ 1960ರ ದಶಕದಲ್ಲೇ ಅವರು ಒಂದೇ ಒಂದು ಹಾರ್ಮೋನನ್ನು ಕಳೆದು ನೋಡುವ ಉಪಾಯ ಹೂಡಿದ್ದರು. ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನನ್ನು ಮೊಲಕ್ಕೋ ಮತ್ತೊಂದು ಪ್ರಾಣಿಗೋ ಚುಚ್ಚಿದರೆ ಅದರ ರಕ್ತದಲ್ಲಿ ಆ ಹಾರ್ಮೋನನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯ ಹುಟ್ಟುತ್ತದೆ. ಆ ಪ್ರತಿಕಾಯವನ್ನು ಬಸುರಿ ಇಲಿಗೆ ಕೊಟ್ಟರೆ ಆ ದಿನ ಆ ಹಾರ್ಮೋನು ಇಲ್ಲದಂತಾಗುತ್ತದೆ. ಹೀಗೆ ಮಾಡಿ, ಭ್ರೂಣ ಬೇರೂರುವುದಕ್ಕೆ ಎಲ್‌ಎಚ್ ಬೇಕು ಎಂದು ಅವರು, ಅವರ ಜೊತೆ ದುಡಿಯುತ್ತಿದ್ದ ಮಧ್ವರಾಜ್ ಮತ್ತು ಎಂ. ಆರ್. ಸಾಯಿರಾಂ 1968ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ದೊಡ್ಡ ಜಾತಿಯ ಇಲಿ, ಸ್ಟುವರ್ಟ್ ಬಳಸಿದ್ದು ಪುಟ್ಟ ಇಲಿ. ಎರಡನ್ನೂ ಪೋಣಿಸಿದರೆ ಸರಪಣಿ ಕಾಣುತ್ತದೆ: ಪಿಟ್ಯುಟರಿ ಅಂಡಾಶಯಕ್ಕೆ ಹೇಳುತ್ತದೆ, ಅಂಡಾಶಯ ಈಸ್ಟ್ರೋಜೆನ್ ಬಿಡುತ್ತದೆ, ಈಸ್ಟ್ರೋಜೆನ್ ತಲುಪಿದ ಗರ್ಭಕೋಶ ಲಿಫ್ ಸುರಿಸುತ್ತದೆ, ಭ್ರೂಣ ಅಂಟುತ್ತದೆ. ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವುದು ಒಂದೇ, ಖಾಲಿ ಗೂಡು.

ಈ ಖಾಲಿ ಗೂಡಿನ ಮಾತು ಬಂದಾಗ ನನ್ನ ಅತ್ತೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ತಂದೆಯ ಅಕ್ಕ. ಮದುವೆಯಾಗಿ ಎಂಟು ವರ್ಷ ಮಕ್ಕಳಾಗಲಿಲ್ಲ. ಊರಿನವರು ಅವರಿಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಹೆಣ್ಣಿಗೆ ಮಾತ್ರ ಇರುವ ಹೆಸರು, ಗಂಡಿಗೆ ಅಂಥದೊಂದು ಪದವೇ ನಮ್ಮ ಮನೆಮಾತಿನಲ್ಲಿ ಇಲ್ಲ. ಸೀಮಂತದ ಮನೆಯಲ್ಲಿ ಅವರನ್ನು ಅಡುಗೆ ಕೋಣೆಗೆ ಕಳಿಸುತ್ತಿದ್ದರು, ಮಡಿಲು ತುಂಬುವ ಹೊತ್ತಿಗೆ ಕರೆಯುತ್ತಿರಲಿಲ್ಲ. ಕೊನೆಗೆ ಮಾವ ಎರಡನೇ ಮದುವೆಯಾದರು. ಆ ಚಿಕ್ಕವರಿಗೂ ಮಕ್ಕಳಾಗಲಿಲ್ಲ. ಊರು ಆಗ ಹೇಳಿದ್ದೇನೆಂದರೆ, ಮನೆಗೆ ಎರಡನೆಯದೂ ಅಂಥದೇ ಬಂತಲ್ಲ ಅಂತ.

ಪ್ರಾಣಿಮನೆಯಲ್ಲಿ ಒಂದು ನಿಯಮವಿದೆ. ಒಂದು ಜೋಡಿಗೆ ಮರಿಯಾಗದಿದ್ದರೆ ಗಂಡನ್ನೂ ಹೆಣ್ಣನ್ನೂ ಬೇರೆ ಮಾಡಿ, ಎರಡಕ್ಕೂ ಈ ಮೊದಲು ಮರಿ ಹುಟ್ಟಿಸಿದ ಖಾತ್ರಿಯಿರುವ ಹೊಸ ಜೊತೆ ಕೊಡಬೇಕು. ತಿಂಗಳುಗಟ್ಟಲೆ ಕಾದು, ಯಾವ ಪಂಜರದಲ್ಲಿ ಮರಿ ಬಂತು, ಎಷ್ಟು ಬಂತು ಎಂದು ಬರೆಯಬೇಕು. ಅದಾಗುವವರೆಗೆ ಊನ ಯಾರದು ಎಂದು ಯಾರೂ ಬಾಯಿ ಬಿಡುವಂತಿಲ್ಲ. ನಮ್ಮ ಊರು ಆ ಪ್ರಯೋಗದ ಅರ್ಧವನ್ನು ಮಾಡಿತ್ತು. ಗಂಡು ಅದೇ, ಹೆಣ್ಣು ಬೇರೆ, ಫಲ ಅದೇ. ಕಣ್ಣೆದುರು ಬರೆದಿಟ್ಟಿದ್ದ ಉತ್ತರವನ್ನು ಯಾರೂ ಓದಲಿಲ್ಲ. ಆ ಕೋಪ ನನ್ನಲ್ಲಿ ಇವತ್ತಿಗೂ ಇದೆ. ಈ ಇಲಿಗಳು ನನಗೆ ಹತ್ತಿರವಾದದ್ದು ಅದಕ್ಕೇ.

ಗಂಡಿನ ಕಡೆಯ ಊನ ಎಷ್ಟು ಅನಿರೀಕ್ಷಿತ ಜಾಗದಲ್ಲಿ ಇರಬಹುದು ಎನ್ನುವುದಕ್ಕೆ ಈಸ್ಟ್ರೋಜೆನ್ ಇಲಿಯ ಕಥೆ ಕೇಳಿ. ಈಸ್ಟ್ರೋಜೆನ್ ಅಂದರೆ ಹೆಣ್ಣಿನ ಹಾರ್ಮೋನು ಅಂತ ನಾವೆಲ್ಲ ಓದಿದ್ದೇವೆ. ರಕ್ತದಲ್ಲಿ ಹಾರ್ಮೋನು ಇದ್ದರೆ ಸಾಲದು, ಜೀವಕೋಶದೊಳಗೆ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಬೇಕು. ಈಸ್ಟ್ರೋಜೆನ್ ಗ್ರಾಹಕವಿಲ್ಲದ ಭ್ರೂಣ ಬದುಕುವುದೇ ಇಲ್ಲ ಎಂದು ಬಹಳ ಜನ ನಂಬಿದ್ದರು, ಏಕೆಂದರೆ ಅಂಥ ಒಬ್ಬ ಮನುಷ್ಯನನ್ನೂ ವೈದ್ಯರು ಕಂಡಿರಲಿಲ್ಲ. 1993ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಡೆನಿಸ್ ಲುಬಾನ್, ಕೆನೆತ್ ಕೊರಾಕ್ ಮತ್ತು ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಸ್ಮಿಥೀಸ್ ಸೇರಿ ಆ ಜೀನು ಕೆಡಿಸಿದರು. ಮರಿಗಳು ಹುಟ್ಟಿದವು, ಬದುಕಿದವು, ದೊಡ್ಡವಾದವು. ಮರುವರ್ಷವೇ, ಅದೇ ಜೀನಿನ ಎರಡೂ ಪ್ರತಿ ಕೆಟ್ಟಿದ್ದ 28 ವರ್ಷದ ಒಬ್ಬ ಗಂಡಸಿನ ವರದಿ ಬಂತು. 204 ಸೆಂಟಿಮೀಟರ್ ಎತ್ತರ, ಮೂಳೆಯ ತುದಿಗಳು ಇನ್ನೂ ಕೂಡಿಕೊಳ್ಳದೆ ಬೆಳೆಯುತ್ತಲೇ ಇದ್ದವು. ಗಂಡಸಿನ ಮೂಳೆಗೆ ಇನ್ನು ಸಾಕು ನಿಲ್ಲು ಎಂದು ಹೇಳುವುದೂ ಈ ಹೆಣ್ಣಿನ ಹಾರ್ಮೋನೇ ಎಂದು ಅವನಿಂದ ತಿಳಿಯಿತು.

ಆ ಜೀನಿಲ್ಲದ ಹೆಣ್ಣಿಲಿಗಳು ಮರಿ ಹಾಕಲಿಲ್ಲ. ಗರ್ಭಕೋಶ ಎಳಸಾಗಿಯೇ ಉಳಿಯಿತು, ಅಂಡಾಶಯದಲ್ಲಿ ರಕ್ತ ತುಂಬಿದ ಗುಳ್ಳೆಗಳೆದ್ದವು, ಅಂಡ ಬಿಡುಗಡೆಯಾಗಲಿಲ್ಲ. ಇದನ್ನು ನಿರೀಕ್ಷಿಸಿದ್ದರು. ನಿರೀಕ್ಷಿಸದೇ ಇದ್ದದ್ದು ಗಂಡಿಲಿಗಳೂ ಮರಿ ಹುಟ್ಟಿಸದೇ ಹೋದದ್ದು. ಎಳೆಯ ವಯಸ್ಸಿನಲ್ಲಿ ಅವುಗಳ ವೃಷಣ ನೋಡಲು ಸರಿಯಾಗಿಯೇ ಇತ್ತು. ವಯಸ್ಸಾಗುತ್ತ ಉಬ್ಬಿತು, ಆಮೇಲೆ ಒಳಗಿನಿಂದ ನಶಿಸಿತು.

ಕಾರಣವನ್ನು 1997ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೆಕ್ಸ್ ಹೆಸ್ ಮತ್ತು ಸಂಗಡಿಗರು ಹೊರಗೆಳೆದರು. ವೃಷಣದಲ್ಲಿ ತಯಾರಾದ ವೀರ್ಯಾಣುಗಳು ನೀರಿನಂಥ ದ್ರವದಲ್ಲಿ ತೇಲಿಕೊಂಡು ಹೊರಡುತ್ತವೆ. ದಾರಿಯಲ್ಲಿ ಕೆಲವು ಸಣ್ಣ ನಾಳಗಳಿವೆ. ಆ ನಾಳಗಳ ಗೋಡೆ ದ್ರವದ ಬಹುಪಾಲನ್ನು ಹೀರಿಕೊಂಡು, ವೀರ್ಯಾಣುಗಳನ್ನು ಒತ್ತಾಗಿಸಿ ಮುಂದಕ್ಕೆ ಕಳಿಸುತ್ತದೆ. ಹೀರುವ ಆ ಕೆಲಸಕ್ಕೆ ಈಸ್ಟ್ರೋಜೆನ್ ಅಪ್ಪಣೆ ಬೇಕು. ಗ್ರಾಹಕವಿಲ್ಲದ ಇಲಿಯಲ್ಲಿ ನಾಳ ನೀರು ಹೀರಲಿಲ್ಲ. ವೀರ್ಯ ನೀರಾಯಿತು. ಹೆಚ್ಚಾದ ನೀರು ಮೋರಿ ಕಟ್ಟಿದ ಮನೆಯಲ್ಲಿ ಅಂಗಳಕ್ಕೆ ಹಿಂದೆ ನುಗ್ಗುವಂತೆ ವೃಷಣಕ್ಕೇ ನುಗ್ಗಿ, ಒತ್ತಡದಲ್ಲಿ ಅದನ್ನು ಕೆಡಿಸಿತು. ಅದುವರೆಗೆ ಆ ನಾಳಗಳ ಕಡೆ ಗಮನ ಕೊಟ್ಟವರು ತೀರ ಕಡಿಮೆ. ಪಠ್ಯಪುಸ್ತಕದ ಚಿತ್ರದಲ್ಲಿ ಅವು ನಾಲ್ಕಾರು ಗೆರೆ ಮಾತ್ರ. ನನ್ನ ವಿದ್ಯಾರ್ಥಿಗಳಿಗೆ ಆ ಗೆರೆಗಳನ್ನು ಬಾಯಿಪಾಠ ಮಾಡಿಸಿದವನು ನಾನೇ. ಅವು ಯಾಕಿವೆ ಎಂದು ಕೇಳಿಕೊಳ್ಳುವಂತೆ ಮಾಡಿದ್ದು ಇಲಿ.

ಇನ್ನೊಂದು ಕಥೆ ಮತ್ತೆ ಬೆಂಗಳೂರನ್ನು ಹಾದುಹೋಗುತ್ತದೆ, ಮತ್ತು ಅದಕ್ಕೆ ಇನ್ನೂ ಪೂರ್ತಿ ಮುಕ್ತಾಯವಿಲ್ಲ.

ಪಿಟ್ಯುಟರಿಯ ಇನ್ನೊಂದು ಹಾರ್ಮೋನು ಎಫ್‌ಎಸ್‌ಎಚ್. ಹೆಣ್ಣಿನಲ್ಲಿ ಅಂಡವನ್ನು ಸುತ್ತಿರುವ ಗೂಡನ್ನು ಬಲಿಸುವುದು ಅದೇ. ಗಂಡಿನಲ್ಲಿ, ವೀರ್ಯಾಣುಗಳನ್ನು ದಾದಿಯಂತೆ ಪೋಷಿಸುವ ಸರ್ಟೋಲಿ ಕೋಶಗಳ ಮೇಲೆ ಅದರ ಕೆಲಸ. ಎಫ್‌ಎಸ್‌ಎಚ್ ಇಲ್ಲದೆ ವೀರ್ಯಾಣು ಇಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ಹಾಗಾದರೆ ಗಂಡಸಿನಲ್ಲಿ ಎಫ್‌ಎಸ್‌ಎಚ್ ಮಾತ್ರ ತಡೆದರೆ ಹೇಗೆ ಎಂದು ಮೌದ್ಗಲ್ ಯೋಚಿಸಿದರು. ಎಲ್‌ಎಚ್ ಮುಟ್ಟದೆ ಬಿಟ್ಟರೆ ಟೆಸ್ಟೋಸ್ಟೀರಾನ್ ಹಾಗೆಯೇ ಇರುತ್ತದೆ, ಗಂಡಸುತನಕ್ಕೆ ಕುಂದಿಲ್ಲ. ವೀರ್ಯಾಣು ಮಾತ್ರ ನಿಲ್ಲುತ್ತದೆ. ಗಂಡಸರಿಗೆ ಸಂತಾನ ನಿಯಂತ್ರಣದ ಲಸಿಕೆ. ಅಂದಿನ ಭಾರತದಲ್ಲಿ ಆ ಹೊರೆಯ ಬಹುಪಾಲು ಹೆಂಗಸರ ಮೈಮೇಲೆ ಇದ್ದಾಗ, ಈ ಯೋಚನೆಯ ಬೆಲೆ ದೊಡ್ಡದು.

ಅವರ ಪ್ರಯೋಗಕ್ಕೆ ಸಿಕ್ಕದ್ದು ನಮ್ಮ ಗುಡ್ಡ, ಗುಡಿ, ಬಸ್ ನಿಲ್ದಾಣಗಳಲ್ಲಿ ಓಡಾಡುವ, ತಲೆಯ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟಂತೆ ಕೂದಲಿರುವ ಕೋತಿ. ಕುರಿಯ ಎಫ್‌ಎಸ್‌ಎಚ್ ಚುಚ್ಚಿದಾಗ ಗಂಡು ಕೋತಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿ ಅದರ ಸ್ವಂತ ಎಫ್‌ಎಸ್‌ಎಚ್ ಅನ್ನೂ ಹಿಡಿಯಿತು. ವೀರ್ಯಾಣುಗಳು ಇಳಿದವು, ಕೋತಿಗಳು ಮರಿ ಹುಟ್ಟಿಸಲಿಲ್ಲ. ಟೆಸ್ಟೋಸ್ಟೀರಾನ್ ಹಾಗೆಯೇ ಇತ್ತು. ಚುಚ್ಚುವುದು ನಿಲ್ಲಿಸಿ ಪ್ರತಿಕಾಯ ಇಳಿದಾಗ ಮತ್ತೆ ಫಲವಂತಿಕೆ ಬಂತು. ಮುಂದೆ ಸ್ವಯಂಪ್ರೇರಿತರಾಗಿ ಬಂದ ಕೆಲವೇ ಗಂಡಸರ ಮೇಲೆ ಸಣ್ಣ ಪರೀಕ್ಷೆಯೂ ನಡೆಯಿತು.

ಅದರ ವರದಿ ಪ್ರಕಟವಾದ 1997ರಲ್ಲೇ ಟೆಕ್ಸಾಸಿನ ಹ್ಯೂಸ್ಟನ್‌ನಿಂದ ಟಿ. ರಾಜೇಂದ್ರ ಕುಮಾರ್, ಮಾರ್ಟಿನ್ ಮಾಟ್ಜುಕ್ ಮತ್ತು ಸಂಗಡಿಗರ ಇಲಿ ಬಂತು. ಎಫ್‌ಎಸ್‌ಎಚ್ ಎರಡು ಸರಪಣಿಗಳಿಂದಾದ ಹಾರ್ಮೋನು. ಒಂದು ಸರಪಣಿ ಬೇರೆ ಹಾರ್ಮೋನುಗಳಲ್ಲೂ ಇದೆ, ಇನ್ನೊಂದು ಅದಕ್ಕೇ ಸ್ವಂತದ್ದು. ಅದರ ಸ್ವಂತ ಸರಪಣಿಯ ಜೀನನ್ನೇ ಅವರು ಕೆಡಿಸಿದ್ದರು. ಹೆಣ್ಣಿಲಿಗಳು ಎಲ್ಲರೂ ಅಂದುಕೊಂಡಂತೆ ಮರಿ ಹಾಕಲಿಲ್ಲ. ಅಂಡದ ಗೂಡು ಅರ್ಧ ಬಲಿತು ನಿಂತುಬಿಟ್ಟಿತು, ಗರ್ಭಕೋಶ ದಾರದಂತೆ ತೆಳ್ಳಗೆ. ಗಂಡಿಲಿಗಳ ವೃಷಣ ಚಿಕ್ಕದು, ವೀರ್ಯಾಣು ಕಡಿಮೆ. ಆದರೂ ಜೊತೆಗೆ ಬಿಟ್ಟ ಹೆಣ್ಣುಗಳು ಮರಿ ಹಾಕಿದವು! ಎಫ್‌ಎಸ್‌ಎಚ್ ಎಂಬುದನ್ನು ಹುಟ್ಟಿನಿಂದ ಕಾಣದ ಗಂಡು ಇಲಿ ತಂದೆಯಾಗಿತ್ತು.

ಹ್ಯೂಸ್ಟನ್ನಿನ ವರದಿ ಬಂದ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಫಿನ್ಲೆಂಡಿನ ವರದಿ. ಎಫ್‌ಎಸ್‌ಎಚ್ ಗ್ರಾಹಕದ ಜೀನಿನಲ್ಲಿ ಒಂದಕ್ಷರ ಬದಲಾಗಿ ಮೈನೆರೆಯದೇ ಉಳಿದ ಹೆಂಗಸರು ಆ ದೇಶದಲ್ಲಿದ್ದಾರೆ. ಅದೇ ಬದಲಾವಣೆಯ ಎರಡೂ ಪ್ರತಿಯುಳ್ಳ ಐವರು ಗಂಡಸರನ್ನು ಹುಡುಕಿ ಪರೀಕ್ಷಿಸಿದಾಗ, ವೀರ್ಯಾಣುಗಳಲ್ಲಿ ಕೊರತೆಯಿದ್ದರೂ ಅವರಲ್ಲಿ ಇಬ್ಬರಿಗೆ ಮಕ್ಕಳಾಗಿದ್ದವು. ಇಷ್ಟಾದ ಮೇಲೆ ಬೆಂಗಳೂರಿನ ಕೋತಿ ಹೇಳಿದ್ದು ಸುಳ್ಳೇ? ಹಾಗೆ ಹೇಳಿದವರೂ ಇದ್ದರು. ಆದರೆ ಮರುವರ್ಷ, ಹ್ಯೂಸ್ಟನ್ನಿನ ಇಲಿಯಲ್ಲಿ ಕೆಡಿಸಿದ್ದ ಅದೇ ಜೀನು ಹುಟ್ಟಿನಿಂದ ಕೆಟ್ಟಿದ್ದ ಗಂಡಸರ ವರದಿಗಳು ಸ್ವೀಡನ್ನಿನಿಂದಲೂ ಇಸ್ರೇಲಿನಿಂದಲೂ ಬಂದವು. ಅವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಮೌದ್ಗಲ್ ಅವರ ಹಳೆಯ ಸಂಗಡಿಗ ಸಾಯಿರಾಂ ಆ ಹೊತ್ತಿಗೆ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದರು. ಅವರ ತಂಡ ಎಫ್‌ಎಸ್‌ಎಚ್ ಗ್ರಾಹಕವನ್ನು ಕೆಡಿಸಿದ ಇಲಿಗಳಲ್ಲಿ ಗಂಡು ತಡವಾಗಿ ಪ್ರಾಯಕ್ಕೆ ಬರುವುದನ್ನೂ ಫಲವಂತಿಕೆ ಕುಗ್ಗುವುದನ್ನೂ ತೋರಿಸಿತು.

ನನ್ನ ಮಟ್ಟಿಗೆ ಈ ಜಗಳದಲ್ಲಿ ಇಲಿಯೂ ಸುಳ್ಳು ಹೇಳಲಿಲ್ಲ, ಕೋತಿಯೂ ಹೇಳಲಿಲ್ಲ. ಕೇಳಿದ ಪ್ರಶ್ನೆಯೇ ಬೇರೆ ಬೇರೆ. ಮೊದಲಿನಿಂದಲೂ ಬಾವಿಯೇ ಇಲ್ಲದ ಊರೊಂದಿದೆ, ಈ ಬೇಸಿಗೆಯಲ್ಲಿ ಬಾವಿ ಬತ್ತಿದ ಊರೊಂದಿದೆ ಅಂತ ಇಟ್ಟುಕೊಳ್ಳಿ. ಬಾವಿಯಿಲ್ಲದ ಊರಿನವರು ಕಲ್ಯಾಣಿ ಕಟ್ಟಿಕೊಂಡು, ಮಳೆನೀರು ಹಿಡಿದು ಹೇಗೋ ಸಾಗಿಸುತ್ತಾರೆ. ಬಾವಿ ಬತ್ತಿದ ಊರು ಕೊಡ ಹಿಡಿದು ಬೀದಿಗೆ ಬರುತ್ತದೆ. ಎರಡೂ ಕಡೆ ಬಾವಿಯಿಲ್ಲ ಎನ್ನುವುದು ಒಂದೇ, ಪರಿಣಾಮ ಒಂದೇ ಅಲ್ಲ. ಜೀನು ಕೆಟ್ಟ ಇಲಿ ಭ್ರೂಣದಿಂದಲೇ ಎಫ್‌ಎಸ್‌ಎಚ್ ಇಲ್ಲದೆ ಬೆಳೆದದ್ದು. ಬೇರೆ ಹಾರ್ಮೋನುಗಳಿಂದ ಕೆಲಸ ತೂಗಿಸಿಕೊಳ್ಳುವುದಕ್ಕೆ ಅದಕ್ಕೆ ಕಾಲವಿತ್ತು. ಕೋತಿ ಬೆಳೆದು ನಿಂತ ಮೇಲೆ ಅದರ ಎಫ್‌ಎಸ್‌ಎಚ್ ಅನ್ನು ಕಸಿದುಕೊಂಡರು. ಅಲ್ಲದೆ ಇಲಿಯ ಬಾಲ್ಯ ಕೆಲವೇ ವಾರ. ಅದರ ಸರ್ಟೋಲಿ ಕೋಶಗಳು ಹುಟ್ಟಿದ ಎರಡು ವಾರದೊಳಗೆ ತಮ್ಮ ಸಂಖ್ಯೆ ಹೆಚ್ಚಿಸಿಕೊಂಡು ನಿಲ್ಲುತ್ತವೆ, ಎಫ್‌ಎಸ್‌ಎಚ್ ಇಲ್ಲದಿದ್ದರೆ ಸಂಖ್ಯೆ ಕಡಿಮೆಯಾಗಿ ವೃಷಣ ಚಿಕ್ಕದಾಗುತ್ತದೆ, ಅಷ್ಟೇ. ಕೋತಿಯದೂ ಮನುಷ್ಯನದೂ ವರ್ಷಗಟ್ಟಲೆ ನೀಳುವ ಬಾಲ್ಯ. ಎಫ್‌ಎಸ್‌ಎಚ್ ಮೇಲಿನ ನೆಚ್ಚಿಕೆ ಅಲ್ಲಿ ಹೆಚ್ಚು. ಯಾವುದನ್ನು ಕಳೆದೆ ಎನ್ನುವಷ್ಟೇ ಯಾವಾಗ ಕಳೆದೆ, ಯಾರಲ್ಲಿ ಕಳೆದೆ ಎನ್ನುವುದೂ ಈ ಲೆಕ್ಕದಲ್ಲಿ ಸೇರಬೇಕು. ಹೊಸ ಇಲಿ ಬಂತೆಂದು ಹಳೆಯ ಕೋತಿಯ ಕೆಲಸವನ್ನು ಮೂಲೆಗಿಟ್ಟದ್ದು ಅವಸರವೆಂದು ನನಗೆ ಅನ್ನಿಸುತ್ತದೆ.

ಈಗಿನ ವಿದ್ಯೆ ಆ ‘ಯಾವಾಗ’ ಎನ್ನುವುದನ್ನೂ ಕೈಗೆ ತಂದಿದೆ. ಜೀನಿನ ಎರಡೂ ಕಡೆ ಗುರುತಿನ ಕಲ್ಲು ನೆಟ್ಟು, ಬೇಕಾದ ಅಂಗದಲ್ಲಿ, ಬೇಕಾದ ವಯಸ್ಸಿನಲ್ಲಿ ಮಾತ್ರ ಅದನ್ನು ಕತ್ತರಿಸಿ ತೆಗೆಯಬಹುದು. 2013ರಿಂದ ಕ್ರಿಸ್ಪರ್ ಎಂಬ ಜೀನು ಕತ್ತರಿಸುವ ವಿದ್ಯೆ ಬಂದ ಮೇಲೆ ಆಕರಕೋಶದ ಸುತ್ತು ದಾರಿಯೂ ಬೇಕಿಲ್ಲ, ಫಲಿತ ಅಂಡಕ್ಕೇ ಚುಚ್ಚಿ ಜೀನು ಕೆಡಿಸುತ್ತಾರೆ. ವರ್ಷ ಹಿಡಿಯುತ್ತಿದ್ದ ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ. ಬದಲಾಗದೆ ಉಳಿದಿರುವುದು ಬೆಳಗ್ಗೆ ಎದ್ದು ಬಿರಡೆ ನೋಡುವ, ದಿನ ಎಣಿಸುವ, ಜೋಡಿ ಬದಲಿಸುವ ಕೆಲಸ.

ಅತ್ತೆಗೆ ಎಂಬತ್ತು ದಾಟಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ಮತ್ತು ಆ ಚಿಕ್ಕವರು ಇಬ್ಬರೇ ಒಂದೇ ಮನೆಯಲ್ಲಿ ಅಕ್ಕತಂಗಿಯರಂತೆ ಇದ್ದರು. ಜಗಲಿಯ ಮೇಲೆ ಕೂತು ನೀನು ಕಾಲೇಜಿನಲ್ಲಿ ಏನು ಪಾಠ ಹೇಳುತ್ತೀಯ ಅಂತ ಕೇಳಿದರು. ನಾನು ಲಿಫ್ ಇಲ್ಲದ ಇಲಿಯ ವಿಷಯ ಹೇಳಿದೆ. ಭ್ರೂಣ ಚೆನ್ನಾಗಿತ್ತು, ತೇಲುತ್ತ ಕಾದಿತ್ತು, ಬೇರೆ ಮಡಿಲಲ್ಲಿಟ್ಟರೆ ಹುಟ್ಟಿತು ಅಂದೆ. ನೀರು ಹೀರದ ನಾಳದ ಗಂಡಿಲಿಯ ವಿಷಯವನ್ನೂ ಹೇಳಿದೆ. ಅದನ್ನು ಹೇಳುವಾಗ ನನಗೆ ಸ್ವಲ್ಪ ಭಯವಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏನೂ ಮಾತಾಡಲಿಲ್ಲ. ಚಿಕ್ಕವರು ಎದ್ದು ಒಳಗೆ ಹೋದರು.

ತುಸು ಹೊತ್ತಾದ ಮೇಲೆ ಅತ್ತೆ ಕೇಳಿದರು. “ಮರಿಯಾಗದ ಆ ಹೆಣ್ಣಿಲಿಗೆ ಅಲ್ಲಿ ಏನಂತ ಕರೀತಾರಪ್ಪ?”

“ಹೆಸರೇನೂ ಇಲ್ಲ ಅತ್ತೆ. ಕಿವಿಗೆ ಗುರುತು ಹಾಕಿ ಒಂದು ನಂಬರ್ ಕೊಟ್ಟಿರ್ತಾರೆ.”

ಅತ್ತೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿದರು.

“ನಂಬರಾದರೆ ಪರವಾಗಿಲ್ಲ” ಅಂದರು.